ಕ್ಷಯರೋಗಿ ಮನೆಗೆ ಮರಳಿದ ಕಥೆ

1998ರ ಮಳೆಗಾಲ. ಗುರುದೀಕ್ಷೆ ಪಡೆದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಹಳ್ಳಿಗಾಡಿನ ಒಂದು ಧರ್ಮಕೇಂದ್ರದಲ್ಲಿ ನಾನು ಸಹಾಯಕ ಗುರುವಾಗಿದ್ದೆ. ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಒಂದು ಮನೆಯವರು ನನ್ನನ್ನು ನಡುಮನೆಯ ಮೂಲಕ ಹಾಯಿಸಿ ಹಿತ್ತಿಲಿಗೆ ಕರೆದೊಯ್ದರು. ದನದ ಕೊಟ್ಟಿಗೆಗೆ ತಾಗಿಕೊಂಡಿದ್ದ ಸಣ್ಣ ಜಗಲಿಯಲ್ಲಿ, ಗೋಣಿತಾಟಿನ ಮರೆಯ ಹಿಂದೆ, ಸುಮಾರು ಮೂವತ್ತು ವರ್ಷದ ಒಬ್ಬ ತಾಯಿ ಮಲಗಿದ್ದಳು. ಅವಳ ತಟ್ಟೆ ಲೋಟ ಬೇರೆ, ನೀರಿನ ಬಿಂದಿಗೆ ಬೇರೆ. ಇಬ್ಬರು ಮಕ್ಕಳು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೊಸ್ತಿಲು ದಾಟಲು ಅವರಿಗೆ ಅಪ್ಪಣೆಯಿರಲಿಲ್ಲ. ಅವಳಿಗೆ ಕ್ಷಯ. ಔಷಧಿ ಆರಂಭವಾಗಿ ಎರಡು ತಿಂಗಳು ಕಳೆದಿತ್ತು. ಅತ್ತೆಯಾದವರು ದನಿ ತಗ್ಗಿಸಿ ಹೇಳಿದರು: "ಸ್ವಾಮಿ, ಡಾಕ್ಟ್ರು ಮನೇಲೇ ಇರ್ಲಿ ಅಂದವ್ರೆ. ಆದ್ರೂ ಮಕ್ಕಳಿರೋ ಮನೆ ಅಲ್ವಾ?"

ಆ ಅತ್ತೆಯನ್ನು ಕಠಿಣ ಹೃದಯದವರೆಂದು ಹೇಳಲಾರೆ. ಮೊಮ್ಮಕ್ಕಳ ಮೇಲಿನ ಭಯವೇ ಅವರಿಂದ ಆ ಮಾತನ್ನು ಆಡಿಸಿತ್ತು. ಆದರೆ ವೈದ್ಯರು 'ಮನೆಯಲ್ಲೇ ಇರಲಿ' ಎಂದು ಅಷ್ಟು ನಿಶ್ಚಿತವಾಗಿ ಹೇಳಲು ಆಧಾರವೇನು? ರೋಗಿಯನ್ನು ಮನೆಯಲ್ಲಿಟ್ಟುಕೊಂಡರೆ ಮಕ್ಕಳಿಗೆ ಅಂಟದೆಂದು ಯಾರು, ಎಲ್ಲಿ, ಹೇಗೆ ಕಂಡುಕೊಂಡರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ಅದು ನಮ್ಮ ನೆರೆಯ ಮದರಾಸಿನಲ್ಲಿಯೂ ನಮ್ಮದೇ ಬೆಂಗಳೂರು, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿಯೂ ದೊರೆತ ಉತ್ತರವೆಂದು ತಿಳಿದು ಅಚ್ಚರಿಯಾಯಿತು. ನಮ್ಮ ಕುಟುಂಬಗಳಿಗೆ ಇಷ್ಟು ಹತ್ತಿರದ ಈ ಇತಿಹಾಸ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ನಮ್ಮ ಪೂರ್ವಿಕರು ಇದನ್ನು ರಾಜಯಕ್ಷ್ಮ ಎಂದು ಕರೆದರು; ದೇಹ ದಿನದಿನಕ್ಕೆ ಕ್ಷೀಣಿಸುವುದರಿಂದ ಕ್ಷಯವೆಂಬ ಹೆಸರೂ ಬಂತು. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ತಾನು ಕಂಡಿರುವುದಾಗಿ ಪ್ರಕಟಿಸಿದನು. ಕಾರಣ ತಿಳಿಯಿತೇ ಹೊರತು ಔಷಧಿ ಸಿಗಲಿಲ್ಲ. ಅದಾಗಿ ಹದಿನೈದು ವರ್ಷಗಳ ನಂತರ, 1897ರಲ್ಲಿ, ನಾವು ಚಿಕ್ಕ ಪುಷ್ಪವೆಂದು ಪ್ರೀತಿಯಿಂದ ಕರೆಯುವ ಲಿಸಿಯೂವಿನ ಸಂತ ತೆರೇಸಾ ಇದೇ ರೋಗದಿಂದ ತಮ್ಮ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕಾಲದ ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಊಟ. ಇವು ಮೂರೂ ಒಂದೆಡೆ ಸಿಗುವ ತಾಣವೇ ಸ್ಯಾನಿಟೋರಿಯಂ, ಅಂದರೆ ಆರೋಗ್ಯಧಾಮ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ಬೆಟ್ಟದ ಊರುಗಳಲ್ಲಿ ಇವು ಹುಟ್ಟಿಕೊಂಡವು. ಕೆಲವೆಡೆ ಶ್ವಾಸಕೋಶದ ಸುತ್ತ ಗಾಳಿ ತುಂಬಿ ಅದನ್ನು ಕುಗ್ಗಿಸುವ, ಪಕ್ಕೆಲುಬುಗಳನ್ನೇ ತೆಗೆದುಹಾಕುವ ಕ್ರಮಗಳೂ ಜಾರಿಗೆ ಬಂದವು. ಇವುಗಳಿಂದ ದೀರ್ಘಕಾಲದಲ್ಲಿ ಎಷ್ಟು ಮಂದಿ ಬದುಕಿದರೆಂದು ಸರಿಯಾಗಿ ತೂಗಿ ನೋಡಿದವರು ಕಡಿಮೆ.

ನಮ್ಮ ನಾಡಿಗೂ ಆರೋಗ್ಯಧಾಮಗಳು ಬಂದವು. ಕೋಲಾರದ ಗಡಿಯಿಂದ ದೂರವಲ್ಲದ ಮದನಪಲ್ಲಿಯ ಬಳಿ ಹಲವು ಕ್ರೈಸ್ತ ಮಿಷನ್‌ಗಳು ಒಗ್ಗೂಡಿ 1915ರಲ್ಲಿ ತೆರೆದ ಧಾಮಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್ ಮೊಲ್ಲರ್ ಅದರ ಮುಖ್ಯಸ್ಥರಾಗಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ 1921ರಲ್ಲಿ ಸ್ಯಾನಿಟೋರಿಯಂ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾಗಿದ್ದ ಅವರನ್ನು ಕ್ಷಯವೇ ಬಲಿ ತೆಗೆದುಕೊಂಡಿತ್ತು. ಅರಮನೆಯ ಗೋಡೆಯೂ ಈ ರೋಗವನ್ನು ತಡೆಯಲಿಲ್ಲ. ಆದರೆ ಹಾಸಿಗೆ ಸಿಕ್ಕವರು ಕೆಲವರೇ. ಸಿಕ್ಕವರಾದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆ ಮಕ್ಕಳನ್ನು ತೊರೆದಿರಬೇಕಾಗಿತ್ತು. ದುಡಿಯುವ ಗಂಡಸು ಧಾಮ ಸೇರಿದರೆ ಹಿಂದೆ ಉಳಿದವರ ಒಲೆ ಹೇಗೆ ಉರಿಯಬೇಕು?

ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೋಮೈಸಿನ್. 1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವ ವಿದ್ಯಾರ್ಥಿ ಅದನ್ನು ಮಣ್ಣಿನ ಜೀವಾಣುವಿನಿಂದ ಬೇರ್ಪಡಿಸಿದನು. ಯುದ್ಧದಿಂದ ಬಡವಾಗಿದ್ದ ಬ್ರಿಟನ್ನಿಗೆ ಅದನ್ನು ಹೇರಳವಾಗಿ ಕೊಳ್ಳುವ ಶಕ್ತಿಯಿರಲಿಲ್ಲ. ಇದ್ದ ಸ್ವಲ್ಪ ಔಷಧಿಯನ್ನು ಯಾರಿಗೆ ಕೊಡುವುದು? ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ಆ ಕೊರತೆಯನ್ನೇ ಒಂದು ಪರೀಕ್ಷೆಯನ್ನಾಗಿ ಮಾರ್ಪಡಿಸಿತು. ತೀವ್ರ ಕ್ಷಯವಿದ್ದ 107 ರೋಗಿಗಳಲ್ಲಿ 55 ಮಂದಿಗೆ ಔಷಧಿ ಮತ್ತು ವಿಶ್ರಾಂತಿ, 52 ಮಂದಿಗೆ ಅಂದಿನ ರೂಢಿಯಂತೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡಲಿಲ್ಲ. ಮುಚ್ಚಿದ ಲಕೋಟೆಯೊಳಗಿನ ಚೀಟಿ ಅದನ್ನು ನಿರ್ಧರಿಸಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ರೂಪಿಸಿದ ಈ ವಿಧಾನ ಮುಂದೆ ಜಗತ್ತಿನ ಎಲ್ಲ ಔಷಧ ಪರೀಕ್ಷೆಗಳಿಗೂ ಮಾದರಿಯಾಯಿತು. ಚೀಟಿ ಎತ್ತುವುದು ಕ್ರೂರವೆಂದು ತೋರಬಹುದು. ಆದರೆ ವೈದ್ಯನೇ ಆರಿಸಿದರೆ ಚೇತರಿಸಿಕೊಳ್ಳುವ ಲಕ್ಷಣವಿರುವವನಿಗೆ ತಿಳಿಯದೆಯೇ ಒಲಿದು ಹೊಸ ಔಷಧಿ ಕೊಟ್ಟಾನು. ಆಗ ಗುಣವಾದದ್ದು ಔಷಧಿಯಿಂದಲೋ ರೋಗಿಯ ಕಸುವಿನಿಂದಲೋ ತಿಳಿಯುವುದಿಲ್ಲ.

ಆರು ತಿಂಗಳ ನಂತರ ಎಣಿಸಿದಾಗ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ಸತ್ತಿದ್ದರು. ಔಷಧಿ ಪಡೆದ 55ರಲ್ಲಿ 4 ಮಂದಿ ಮಾತ್ರ. 1948ರಲ್ಲಿ ಇದು ಪ್ರಕಟವಾದಾಗ ಉಂಟಾದ ಸಂತೋಷವನ್ನು ಊಹಿಸಬಹುದು. ಅಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಔಷಧಿ ಗೆದ್ದಿತೆಂದು ನಾವೂ ನಂಬಿಬಿಡುತ್ತಿದ್ದೆವು. ಆದರೆ ಅವರು ಪುಸ್ತಕ ಮುಚ್ಚಲಿಲ್ಲ. ಐದು ವರ್ಷಗಳವರೆಗೆ ಅದೇ ರೋಗಿಗಳ ಜಾಡು ಹಿಡಿದರು. 1954ರಲ್ಲಿ ಬಂದ ವರದಿಯ ಲೆಕ್ಕ ಹೀಗಿತ್ತು: ವಿಶ್ರಾಂತಿ ಮಾತ್ರ ಪಡೆದ 52ರಲ್ಲಿ 35 ಮಂದಿ ತೀರಿಕೊಂಡಿದ್ದರು, ಔಷಧಿ ಪಡೆದ 55ರಲ್ಲಿ 32 ಮಂದಿ. ಆರು ತಿಂಗಳಲ್ಲಿ ಬೆಟ್ಟದಂತಿದ್ದ ವ್ಯತ್ಯಾಸ ಐದು ವರ್ಷಗಳಲ್ಲಿ ಬಹುಮಟ್ಟಿಗೆ ಕರಗಿಹೋಗಿತ್ತು. ರೋಗಾಣುಗಳು ಒಂಟಿ ಔಷಧಿಗೆ ಒಗ್ಗಿಕೊಂಡು ಅದನ್ನು ಎದುರಿಸುವ ಬಲ ಪಡೆದಿದ್ದವು.

ಸ್ವೀಡನ್ನಿನ ಲೇಮನ್ ಕಂಡುಹಿಡಿದಿದ್ದ ಪಿ.ಎ.ಎಸ್. ಎಂಬ ಔಷಧಿಯನ್ನು ಜೊತೆಗೆ ಕೊಟ್ಟರೆ ಆ ಪ್ರತಿರೋಧ ಬರದಂತೆ ತಡೆಯಬಹುದೆಂದು 1950ರ ಹೊತ್ತಿಗೆ ತಿಳಿಯಿತು. 1952ರಲ್ಲಿ ಐಸೋನಿಯಾಜಿಡ್ ಬಂತು. ಅದು ಅಗ್ಗದ ಮಾತ್ರೆ, ಚುಚ್ಚುಮದ್ದಿನ ಗೋಜಿಲ್ಲ. ಐದು ವರ್ಷಗಳ ಆ ನಿಷ್ಠುರ ವರದಿಯನ್ನು ಬರೆದವರಲ್ಲಿ ವಾಲೇಸ್ ಫಾಕ್ಸ್ ಎಂಬ ಯುವ ವೈದ್ಯರೂ ಒಬ್ಬರು. ಅವರು 1956ರಲ್ಲಿ ಮದರಾಸಿಗೆ ಬಂದರು.

ಆಗ ಭಾರತದ ಸ್ಥಿತಿ ಹೇಗಿತ್ತು? 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಸಾವಿರಕ್ಕೆ 13ರಿಂದ 25 ಮಂದಿಯಲ್ಲಿ ಕ್ಷಯದ ಚಿಹ್ನೆಗಳನ್ನು ಕಂಡಿತು. ಪಟ್ಟಣದ ರೋಗವೆಂದು ತಿಳಿದಿದ್ದ ಇದು ಹಳ್ಳಿಗಳಲ್ಲಿಯೂ ಅಷ್ಟೇ ಇದೆಯೆಂಬುದು ಅದರಿಂದ ತಿಳಿದುಬಂತು. ಇಷ್ಟು ಜನರಿಗೆ ಆರೋಗ್ಯಧಾಮಗಳನ್ನು ಕಟ್ಟಿಸುವುದು ಹೊಸದಾಗಿ ಸ್ವತಂತ್ರವಾದ ಬಡ ದೇಶಕ್ಕೆ ಕನಸಿನ ಮಾತು. ಮಾತ್ರೆಗಳು ಬಂದಿವೆಯಲ್ಲಾ, ರೋಗಿ ಅವುಗಳನ್ನು ಮನೆಯಲ್ಲೇ ನುಂಗಿದರೆ ಸಾಲದೇ ಎಂದು ಕೆಲವರು ಕೇಳಿದರು. ಹಸಿದ ಹೊಟ್ಟೆಯಲ್ಲಿ, ಗಾಳಿ ಬೆಳಕಿಲ್ಲದ ಗುಡಿಸಲಿನಲ್ಲಿ ಔಷಧಿ ಕೆಲಸ ಮಾಡುವುದೇ, ಮನೆಮಂದಿಗೆಲ್ಲ ರೋಗ ಹರಡಿದರೆ ಹೊಣೆ ಯಾರದೆಂದು ಉಳಿದವರು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ವಾದದಿಂದ ಇವು ತೀರುವಂತಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವನ್ನು ತೆರೆದವು. ಅದರ ಮೊದಲ ವರ್ಷಗಳಲ್ಲಿ ಸಂಶೋಧನೆಯನ್ನು ಮುನ್ನಡೆಸಿದವರು ಫಾಕ್ಸ್. ನಗರದ ಕಡುಬಡವರ ಕೇರಿಗಳಿಂದ ಬಂದ 193 ರೋಗಿಗಳನ್ನು ಆಯ್ದುಕೊಂಡು, ಮೊದಲಿನಂತೆ ಅದೃಷ್ಟದ ಚೀಟಿಯ ಕ್ರಮದಲ್ಲಿ, ಕೆಲವರನ್ನು ಆರೋಗ್ಯಧಾಮಕ್ಕೆ, ಕೆಲವರನ್ನು ಮನೆಗೆ ಕಳುಹಿಸಿದರು. ಇಬ್ಬರಿಗೂ ಅದೇ ಔಷಧಿ: ಐಸೋನಿಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಧಾಮದವರಿಗೆ ಹಾಸಿಗೆ, ದಾದಿಯರ ಆರೈಕೆ, ಹೊತ್ತುಹೊತ್ತಿಗೆ ಪುಷ್ಟಿಯಾದ ಊಟ. ಮನೆಯವರಿಗೆ ಅದೇ ಇಕ್ಕಟ್ಟಿನ ಕೋಣೆ, ಅದೇ ಅರೆಹೊಟ್ಟೆ. ಹಲವರು ಕೂಲಿಗೂ ಹೋಗುತ್ತಿದ್ದರು.

ಮನೆಯವರನ್ನು ಅವರ ಪಾಡಿಗೆ ಬಿಟ್ಟುಬಿಟ್ಟರೆಂದು ತಿಳಿಯಬಾರದು. ವಾರಕ್ಕೊಮ್ಮೆ ಅವರು ಕೇಂದ್ರಕ್ಕೆ ಬಂದು ಔಷಧಿ ಒಯ್ಯಬೇಕಾಗಿತ್ತು. ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು. ಮೂತ್ರ ಪರೀಕ್ಷೆಯಿಂದ ಔಷಧಿ ಹೊಟ್ಟೆಗೆ ಇಳಿದಿದೆಯೇ ಎಂದು ನೋಡುತ್ತಿದ್ದರು. ಪಿ.ಎ.ಎಸ್. ಎಂದರೆ ದಿನಕ್ಕೆ ಹಲವು ಗ್ರಾಂ ನುಂಗಬೇಕಾದ, ಹೊಟ್ಟೆ ತೊಳಸುವ ಔಷಧಿ. ತಪ್ಪಿಸಿಕೊಳ್ಳುವ ಮನಸ್ಸು ಯಾರಿಗಾದರೂ ಬರುವಂಥದ್ದೇ. ಈ ಸಂದರ್ಶಕಿಯರ ಹೆಸರುಗಳು ವೈದ್ಯಕೀಯ ಇತಿಹಾಸದಲ್ಲಿ ದೊಡ್ಡದಾಗಿ ಅಚ್ಚಾಗಿಲ್ಲ. ಆದರೆ ಮದರಾಸಿನ ಬಿಸಿಲಿನಲ್ಲಿ ಕೇರಿಕೇರಿ ಅಲೆದ ಅವರ ಕಾಲ್ನಡಿಗೆಯಿಲ್ಲದೆ ಆ ಪರೀಕ್ಷೆ ನಡೆಯುತ್ತಿರಲಿಲ್ಲವೆಂದೇ ನನ್ನ ಎಣಿಕೆ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಧಾಮದವರಲ್ಲಿ ಶೇಕಡಾ 92 ಮಂದಿಯ ರೋಗ ಶಾಂತವಾಗಿತ್ತು, ಅಂದರೆ ಕಫದಲ್ಲಿ ರೋಗಾಣು ಕಾಣುತ್ತಿರಲಿಲ್ಲ. ಮನೆಯವರಲ್ಲಿ ಶೇಕಡಾ 86. ಈ ಸಣ್ಣ ಅಂತರವನ್ನು ಸಂಶೋಧಕರು ದೊಡ್ಡದೆಂದು ಎಣಿಸಲಿಲ್ಲ. ಧಾಮದವರು ಹೆಚ್ಚು ಉಂಡು ಹೆಚ್ಚು ತೂಕ ಗಳಿಸಿದ್ದರು, ಆದರೆ ರೋಗಾಣುವನ್ನು ಗೆಲ್ಲುವುದರಲ್ಲಿ ಅದರಿಂದ ಹೇಳಿಕೊಳ್ಳುವಂಥ ಮೇಲುಗೈ ಸಿಕ್ಕಿರಲಿಲ್ಲ. ಮನೆಯ ಚಿಕಿತ್ಸೆಯೇ ಬಹುಪಾಲು ರೋಗಿಗಳಿಗೆ ತಕ್ಕದ್ದು ಎಂದು ವರದಿ ತೀರ್ಮಾನಿಸಿತು. ಅದಕ್ಕೊಂದು ಷರತ್ತನ್ನೂ ಸೇರಿಸಿತು: ಔಷಧಿ ಒದಗಿಸಿ ನಿಗಾ ಇಡುವ ಸರಿಯಾದ ವ್ಯವಸ್ಥೆ ಇರಬೇಕು. ಮುಂದಿನ ದಶಕಗಳಲ್ಲಿ ತೀರ್ಮಾನವನ್ನು ಎಲ್ಲರೂ ನೆನಪಿಟ್ಟುಕೊಂಡರು, ಷರತ್ತನ್ನು ಹಲವರು ಮರೆತರು.

ಬ್ರಿಟನ್ನಿನ ಅನುಭವ ಮನಸ್ಸಿನಲ್ಲಿದ್ದುದರಿಂದಲೋ ಏನೋ ಮದರಾಸಿನವರೂ ಒಂದು ವರ್ಷಕ್ಕೇ ನಿಲ್ಲಿಸಲಿಲ್ಲ. ಐದು ವರ್ಷ ಕಾದರು. 1966ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಐದು ವರ್ಷಗಳ ಕೊನೆಗೆ ಎರಡೂ ಗುಂಪುಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಯ ರೋಗ ಶಾಂತವಾಗಿಯೇ ಇತ್ತು. ಈ ಬಾರಿ ಲಾಭ ಕರಗಿಹೋಗಿರಲಿಲ್ಲ.

ಹಾಗಾದರೆ ಮನೆಮಂದಿಯ ಗತಿ? ಆ ಅತ್ತೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡೂ ಗುಂಪಿನ ರೋಗಿಗಳ ಮನೆಯವರನ್ನು, ಎಳೆಯ ಮಕ್ಕಳನ್ನೂ ಸೇರಿಸಿ, ಅದೇ ಐದು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದರು. ರೋಗಿಯನ್ನು ಒಂದು ವರ್ಷ ದೂರವಿಟ್ಟ ಕುಟುಂಬಗಳಲ್ಲಿಯೂ ಅವನೊಡನೆ ಒಂದೇ ಸೂರಿನಡಿ ಬಾಳಿದ ಕುಟುಂಬಗಳಲ್ಲಿಯೂ ಹೊಸದಾಗಿ ಕ್ಷಯ ಕಾಣಿಸಿಕೊಂಡ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾರಣ ಸರಳ, ಆದರೆ ಮನಸ್ಸಿಗೆ ನಾಟುವಂಥದ್ದು. ಮನೆಯವರಿಗೆ ರೋಗ ತಗಲುವುದು ಹೆಚ್ಚಾಗಿ ಅದು ಕ್ಷಯವೆಂದು ಗೊತ್ತಾಗುವ ಮೊದಲೇ, ಕೆಮ್ಮುತ್ತಾ ಎಲ್ಲರೊಡನೆ ಉಂಡು ಮಲಗುವ ತಿಂಗಳುಗಳಲ್ಲಿ. ಔಷಧಿ ಸರಿಯಾಗಿ ಹೊಟ್ಟೆ ಸೇರತೊಡಗಿದ ಮೇಲೆ ರೋಗ ಹರಡುವ ಶಕ್ತಿ ಬೇಗನೆ ತಗ್ಗುತ್ತದೆ. ಅಂದರೆ ನಾವು ರೋಗಿಯನ್ನು ಹಿತ್ತಿಲಿಗೆ ಅಟ್ಟುವುದು ಅಪಾಯ ಬಹುಪಾಲು ಕಳೆದ ನಂತರ! (ತೀರ ಕೃಶರಾದವರಿಗೆ, ರಕ್ತ ಕಾರುವವರಿಗೆ, ಔಷಧಿಗೆ ಬಗ್ಗದ ಕ್ಷಯವಿರುವವರಿಗೆ ಆಸ್ಪತ್ರೆ ಬೇಕಾಗಬಹುದು. ಅದು ವೈದ್ಯರು ಹೇಳಬೇಕಾದ ಮಾತು, ನೆರೆಹೊರೆಯವರದಲ್ಲ.)

ಮದರಾಸಿನ ವರದಿ ಬಂದ ಹೊತ್ತಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತುತ್ತಿತ್ತು. 1960ರ ಸೆಪ್ಟೆಂಬರ್ 16ರಂದು ಅದನ್ನು ಉದ್ಘಾಟಿಸಿದವರು ಪ್ರಧಾನಿ ಜವಾಹರಲಾಲ್ ನೆಹರು. ಅವರ ಪತ್ನಿ ಕಮಲಾ ಭೋವಾಲಿಯಿಂದ ಹಿಡಿದು ಯೂರೋಪಿನವರೆಗೆ ಆರೋಗ್ಯಧಾಮಗಳನ್ನು ಸುತ್ತಿ 1936ರಲ್ಲಿ ಕ್ಷಯದಿಂದಲೇ ಸ್ವಿಟ್ಜರ್ಲೆಂಡಿನಲ್ಲಿ ಕಣ್ಮುಚ್ಚಿದ್ದರು. ಔಷಧಿಗಳು ಬರುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು.

ಈ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಕೇಳಿದ ಪ್ರಶ್ನೆಯೇ ಬೇರೆ. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಕೆಮ್ಮಿದ್ದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಓದಿದವರ ನಂಬಿಕೆ. ನಿಜವೇ ಎಂದು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮನೆಮನೆಗೆ ಜನರನ್ನು ಕಳುಹಿಸಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕ್ಷಯವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆಯೆಂಬ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಅರಸಿ ಹೋಗಿದ್ದರು. ಅವರನ್ನು ಕಫ ಪರೀಕ್ಷೆಯನ್ನೂ ಮಾಡದೆ ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಹಿಂದೆ ಕಳುಹಿಸಲಾಗಿತ್ತು. ಬಡವರ ಅಜ್ಞಾನದ ಬಗ್ಗೆ ಪ್ರವಚನ ಮಾಡುವ ನಮ್ಮಂಥವರು ಆಗಾಗ ಓದಬೇಕಾದ ಅಧ್ಯಯನವಿದು. ಅದರ ಫಲವಾಗಿ ಕ್ಷಯದ ಪತ್ತೆ ಮತ್ತು ಚಿಕಿತ್ಸೆಯನ್ನು ಪ್ರತ್ಯೇಕ ಧಾಮಗಳಿಗೆ ಬಿಡದೆ, ಜನ ತಾವಾಗಿಯೇ ಬರುವ ಸಾಮಾನ್ಯ ಆಸ್ಪತ್ರೆಗಳಿಗೇ ಸೇರಿಸಬೇಕೆಂಬ ವಿಚಾರ ರಾಷ್ಟ್ರೀಯ ಕಾರ್ಯಕ್ರಮದ ತಳಹದಿಯಾಯಿತು.

ಇದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ, ಸಂಘಟಿತ ಕ್ಷಯ ಚಿಕಿತ್ಸೆ ಇನ್ನೂ ತಲುಪದಿದ್ದ ಕಾಲದಲ್ಲಿ, ಅವರು ನಾಲ್ಕು ಬಾರಿ ಮನೆಮನೆ ಸಮೀಕ್ಷೆ ನಡೆಸಿದರು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರು ಐದು ವರ್ಷಗಳ ನಂತರ ಏನಾಗಿದ್ದರು? ಶೇಕಡಾ 49 ಮಂದಿ ತೀರಿಕೊಂಡಿದ್ದರು. ಶೇಕಡಾ 33ರಷ್ಟು ಮಂದಿ ತಾವಾಗಿಯೇ ಗುಣವಾಗಿದ್ದರು. ಉಳಿದ ಶೇಕಡಾ 18 ಮಂದಿ ಇನ್ನೂ ಕೆಮ್ಮುತ್ತಾ, ರೋಗಾಣು ಹರಡುತ್ತಾ ಬದುಕಿದ್ದರು. ಚಿಕಿತ್ಸೆಯಿಲ್ಲದ ಕ್ಷಯದ ಪರಿಣಾಮಕ್ಕೆ ಪ್ರಪಂಚದ ಪಠ್ಯಪುಸ್ತಕಗಳು ಇಂದಿಗೂ ಎತ್ತಿ ಹೇಳುವ ಲೆಕ್ಕ ಇದು. ವಿಜ್ಞಾನಕ್ಕೆ ಅದು ಅಮೂಲ್ಯ. ಆದರೆ ಆ 49 ಎಂಬ ಅಂಕೆಯಲ್ಲಿ ನಮ್ಮದೇ ಜಿಲ್ಲೆಯ ರಾಗಿ ಹೊಲಗಳ ರೈತರೂ ಹೆಂಗಸರೂ ಇದ್ದಾರೆ. ಎಣಿಸುವವರು ಬಂದು ಹೋದರು, ಔಷಧಿ ಬರುವುದು ತಡವಾಯಿತು. ಈ ಲೆಕ್ಕವನ್ನು ಓದುವಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ.

ನಂತರದ ಕಥೆಯನ್ನು ಓದುಗರು ಅಲ್ಪಸ್ವಲ್ಪ ಬಲ್ಲರು. ರಿಫಾಂಪಿಸಿನ್ ಬಂದ ಮೇಲೆ ಒಂದೂವರೆ ವರ್ಷದವರೆಗೂ ಎಳೆಯುತ್ತಿದ್ದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಆ ಸಂಶೋಧನೆಯಲ್ಲಿಯೂ ಫಾಕ್ಸ್ ಅವರ ಪಾತ್ರ ದೊಡ್ಡದು. ಕಣ್ಣೆದುರೇ ಮಾತ್ರೆ ನುಂಗಿಸುವ ಕ್ರಮಕ್ಕೂ ಮದರಾಸಿನ ಕೇಂದ್ರವೇ ಆರಂಭದಲ್ಲಿ ದಾರಿ ತೋರಿಸಿತ್ತು. ಜಗತ್ತಿನ ಆರೋಗ್ಯಧಾಮಗಳು ಒಂದೊಂದಾಗಿ ಬಾಗಿಲು ಮುಚ್ಚಿದವು, ಇಲ್ಲವೇ ಸಾಮಾನ್ಯ ಆಸ್ಪತ್ರೆಗಳಾದವು.

ಆದರೆ ಮದರಾಸಿನ ಫಲಿತಾಂಶದಿಂದ ಒಂದು ತಪ್ಪು ಪಾಠವನ್ನೂ ನಾವು ಕಲಿತೆವು. ಊಟ ಚೆನ್ನಾಗಿಲ್ಲದಿದ್ದರೂ ಔಷಧಿ ರೋಗಾಣುವನ್ನು ಗೆಲ್ಲುತ್ತದೆ ಎಂಬುದು ಅಲ್ಲಿ ಸಿದ್ಧವಾದ ಮಾತು. ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಹಲವು ದಶಕಗಳ ಕಾಲ ಚಿಕಿತ್ಸೆ ಎಂದರೆ ಮಾತ್ರೆ, ಅಷ್ಟೇ ಎಂಬಂತಾಯಿತು. ಇದನ್ನು ಮತ್ತೆ ಕೆದಕಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಅವರ ಜೊತೆಗೂಡಿದ್ದು ಮದರಾಸಿನ ಅದೇ ಹಳೆಯ ಕೇಂದ್ರ. ಈಗ ಅದರ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, ಊರಿನ ಹೆಸರು ಚೆನ್ನೈ. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೆ ಔಷಧಿಯ ಜೊತೆಗೆ ತಿಂಗಳಿಗೆ ಹತ್ತು ಕಿಲೋ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಪೊಟ್ಟಣ ಕೊಟ್ಟರು. ಆ ಮನೆಗಳ 10,345 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಪ್ರತಿಯೊಬ್ಬರಿಗೂ ಅಕ್ಕಿ ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಆಹಾರ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಬಹಳ ಕಡಿಮೆಯಾಗಿತ್ತು.

ಸರ್ಕಾರವು ಕ್ಷಯರೋಗಿಗಳ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಲ್ಲಿ ಅದನ್ನು 1,000ಕ್ಕೆ ಏರಿಸಿತು. ಅದು ರೋಗಿಯ ಹೆಸರಿಗೆ ಬರುವ ಹಣ. ಬಡವರ ಮನೆಯಲ್ಲಿ ಒಬ್ಬರಿಗೆಂದು ಬಂದ ಅನ್ನ ಒಬ್ಬರಿಗೇ ಉಳಿಯುವುದಿಲ್ಲವೆಂಬುದನ್ನು ಜಾರ್ಖಂಡಿನವರು ಬಲ್ಲವರಾಗಿದ್ದರು.

ನನಗೂ ಅದು ಗೊತ್ತಿರಬೇಕಾಗಿತ್ತು. ಆ 1998ರ ಮಳೆಗಾಲದಲ್ಲಿ ನಮ್ಮ ಧರ್ಮಭಗಿನಿಯರು ಆ ತಾಯಿಗೆಂದು ವಾರವಾರ ಹನ್ನೆರಡು ಮೊಟ್ಟೆ ಕಳುಹಿಸುತ್ತಿದ್ದರು. ಒಂದು ದಿನ ನಾನೇ ಒಯ್ದು ಕೊಟ್ಟು, ಹಿಂದಿನ ವಾರದ್ದನ್ನು ತಿಂದೆಯಾ ಎಂದು ಕೇಳಿದೆ. ಅವಳು ಮಾತನಾಡಲಿಲ್ಲ. ಅತ್ತೆಯವರೇ ಹೇಳಿದರು, ಹಿತ್ತಿಲ ಬಾಗಿಲಿನವರೆಗೆ ತಾನೇ ತೆವಳಿ ಬಂದು ಮಕ್ಕಳಿಗೆ ಕೊಡುತ್ತಾಳೆ ಎಂದು. "ನಿನಗೆಂದು ಕೊಟ್ಟ ಮದ್ದಿನಂಥ ಆಹಾರವಮ್ಮ ಇದು, ಮಕ್ಕಳಿಗೇಕೆ ಕೊಡುತ್ತೀ?" ಎಂದು ನಾನು ಗದರಿದ್ದೆ.